ರೇಸಿ ಎಂಬ ಪದ ಹಿಡಿದು ಸವಣೂರಿಗೆ

ಚುರುಕಾದ ಬರವಣಿಗೆಗೆ ಇಂಗ್ಲಿಷಿನಲ್ಲಿ ‘ರೇಸಿ’ ಅಂತಾರೆ. ಓಟದ ರೇಸಿನಿಂದ ಬಂದದ್ದು ಅಂತ ನಿಘಂಟಿನ ಕೆಲಸದವನಾದ ನಾನೂ ನಂಬಿದ್ದೆ. ಹುಡುಕಿದರೆ ಮೂಲ ಬೇರೆಯೇ: ವೈನಿನಲ್ಲಿ ಉಳಿಯುವ, ದ್ರಾಕ್ಷಿ ಬೆಳೆದ ನೆಲದ ರುಚಿ. ಅದಕ್ಕೊಂದು ಕನ್ನಡ ಮಾತು ಬೇಕಿತ್ತು.

ವೀಳ್ಯದೆಲೆಗೆ ಹೆಸರಾದ ಸವಣೂರಿನ ಸಂತೆಗೆ ಹೋಗಿ, ಎಲೆ ಮಾರುವ ಅಕ್ಕನನ್ನು ಕೇಳಿದೆ: “ಎಲಿ ತಿಂದ್ರ ಯಾವ ನೆಲದ್ದು ಅಂತ ಗೊತ್ತಾಗತೈತಲ್ರಿ, ಆ ರುಚಿಗೆ ಏನಂತೀರಿ?”

ನನ್ನ ಕೈಯ ಪೆನ್ನು, ನೋಟ್‌ಬುಕ್ಕು ನೋಡಿ ಅವರು ಬುಟ್ಟಿಯ ಮೇಲೆ ಒದ್ದೆ ಅರಿವೆ ಎಳೆದರು.

“ಯಾರ್ ಕಳಿಸ್ಯಾರ್ರಿ ನಿಮ್ಮನ್ನ? ನಮ್ದು ಸವಣೂರ ಎಲೀನ ಐತಿ.”

ಬೇರೆ ಊರಿನ ಎಲೆಗೆ ಸವಣೂರಿನ ಹೆಸರಿಟ್ಟು ಮಾರುವವರನ್ನು ಹಿಡಿಯಲು ಬಂದವನೆಂದು ಅವರ ಗುಮಾನಿ.

“ಬರೇ ಒಂದು ಶಬ್ದ ಕೇಳಾಕ ಬಂದೇನ್ರಿ ಅಕ್ಕಾರ.”

“ಶಬ್ದ ಕೇಳಾಕ ಯಾರರ ಬಸ್ ಹತ್ತಿ ಬರ್ತಾರೇನ್ರಿ?”

ಅರಿವೆಯಡಿಯಿಂದ ಎರಡು ಎಲೆ ತೆಗೆದು ಕೊಟ್ಟರು. “ತಿನ್ರಿ. ಯಾವ್ದು ನಮ್ಮೂರ್ದು ಹೇಳ್ರಿ.”

ಎರಡನ್ನೂ ಅಗಿದು, ಬಹಳ ಯೋಚಿಸಿದವನಂತೆ “ಮೊದಲಿಂದು” ಅಂದೆ.

ಅವರ ಮುಖ ಸಡಿಲವಾಯಿತು. “ಎರಡೂ ಒಂದ ಬಳ್ಳೀವರಿ. ನೀವು ಚೆಕ್ ಮಾಡಾಕ ಬಂದವರಲ್ಲ ಬಿಡ್ರಿ. ಆ ರುಚಿಗೆ ನಾವು ಮಣ್ಣಿನ ಗುಣ ಅಂತೇವಿ, ಬರ್ಕೋರಿ.”

ಬರೆದುಕೊಂಡೆ. ಈಗ ಅದು ನಿಘಂಟಿನ ಕರಡಿನಲ್ಲಿದೆ, ಆ ರುಚಿ ಒಮ್ಮೆಯೂ ನಾಲಿಗೆಗೆ ಹತ್ತದವನ ಕೈಬರಹದಲ್ಲಿ.