ಹಿಂದಿನ ಕೋಣೆಗೆ ಇರಾನಿನವಳೋ ಪನಾಮಾದವಳೋ

ಇವತ್ತು ಮಾಡಿದ ಕೆಲಸಗಳು: ಕಸದ ಡಬ್ಬಿಯನ್ನು ರಸ್ತೆಯ ಅಂಚಿನಿಂದ ಒಳಗೆ ಎಳೆದು ತಂದದ್ದು. ಹೊರಗೆ ಹರವಿದ ಬಟ್ಟೆಗೆ ಪಕ್ಕದ ಖಾಲಿ ಸೈಟಿನ ಧೂಳು ಕೂತದ್ದರಿಂದ ಮತ್ತೆ ಒಗೆದದ್ದು. ದೋಸೆಗೆ ನೆನೆಹಾಕಿದ್ದು. ಕರಿಬೇವಿನ ಕುಂಡವನ್ನು ಗಾಳಿ ತಾಗದ ಮೂಲೆಗೆ ಸರಿಸಿದ್ದು. ಹಿಂದಿನ ಕೋಣೆಯ ಕಿಟಕಿ ಒರೆಸಿದ್ದು. ಬೀರುವಿನ ಬೀಗವನ್ನು ಎರಡು ಸಲ ಎಳೆದು ನೋಡಿದ್ದು. ಆಮೇಲೆ, ಕೋಣೆಯ ಬಾಡಿಗೆ ಎಷ್ಟೆಂದು ಹೇಳಿದ ಕೂಡಲೇ ಎದುರಿನ ಹೆಂಗಸು ಎದೆಯ ಮೇಲೆ ಕೈಯಿಟ್ಟು, "ವಿಜಯಾ ಜಾನ್, ನಾನು ನಿನಗೆ ಬಲಿಯಾಗಲಿ" ಎಂದಾಗ ಸೌಟು ಹಿಡಿದು ನಿಂತದ್ದು.

ವಿಜಯಾ ನಾನು, ಜಾನ್ ಎನ್ನುವುದು ಅವರಲ್ಲಿ ಪ್ರೀತಿಯ ಕರೆ. ಬಲಿಯಾಗಲು ಸಿದ್ಧಳಾದವಳು ಮೆಹ್ನಾಜ್, ಟೆಹರಾನಿನವಳು. ಸಿಡ್ನಿಯ ಪ್ಯಾರಮಟ್ಟಾದಲ್ಲಿ ನಾವು ಅಪಾರ್ಟ್‌ಮೆಂಟಿನಲ್ಲಿದ್ದಾಗ ಮೇಲಿನ ಮಹಡಿಯಲ್ಲಿದ್ದಳು. ಈಗ ನಾವು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿದ್ದೇವೆ. ಇಲ್ಲಿ ಮನೆಗಳು ಮೊದಲು ಬಂದಿವೆ, ಮರಗಳು ಇನ್ನೂ ಬರಬೇಕು. ಅವಳು ನಿನ್ನೆ ರಾತ್ರಿಯ ಬಸ್ಸು ಹಿಡಿದು, ಬೆಳಗ್ಗೆ ಟ್ರೈನಿನಲ್ಲಿ ನಮ್ಮ ಸ್ಟೇಷನ್ನಿಗೆ ಬಂದು ಇಳಿದಳು. ಜೊತೆಗೆ ದೊಡ್ಡ ಸೂಟ್‌ಕೇಸು, ಪಿಸ್ತಾದ ಡಬ್ಬ. ಸೂಟ್‌ಕೇಸು ನೋಡಿದೊಡನೆ ನನಗೆ ಅನುಮಾನ ಬಂತು. ಕೋಣೆ ನೋಡಿ ಹೋಗಲು ಬಂದವರು ಇಷ್ಟು ದೊಡ್ಡದನ್ನು ತರುತ್ತಾರೆಯೇ?

ಕೋಣೆ ನಮ್ಮ ಮಗಳು ಸಿಂಚನಾಳದು. ಅವಳು ಯೂನಿವರ್ಸಿಟಿಗೆ ಹತ್ತಿರವೆಂದು ಕ್ಲೇಟನ್ನಿನಲ್ಲಿ ಗೆಳತಿಯರೊಡನೆ ಇದ್ದಾಳೆ. ನಮ್ಮವರ ಕಾಂಟ್ರಾಕ್ಟ್ ಕೆಲಸ ಮುಗಿದ ಮೇಲೆ ಕೋಣೆಯನ್ನು ಬಾಡಿಗೆಗೆ ಕೊಡದೆ ಮಾರ್ಟ್‌ಗೇಜ್ ಕಂತು ಕಟ್ಟುವಂತಿಲ್ಲ. ಇದನ್ನು ನಾವು ಇಲ್ಲಿ ಯಾರಿಗೂ ಹೇಳಿಲ್ಲ, ಜೊತೆಗೆ ಕೆಲಸ ಮಾಡಿದವರಿಗೂ ಬೇರೆ ಕಡೆ ಸಿಕ್ಕಿದೆ ಎಂದೇ ಹೇಳಿದ್ದಾರೆ. ಹಬ್ಬಕ್ಕೆ ಕನ್ನಡದವರು ಸೇರಿದಾಗ "ಸ್ವಂತ ಮನೆ ಆಯ್ತಂತೆ, ಕಂಗ್ರಾಟ್ಸ್ ಆಂಟಿ" ಅನ್ನುತ್ತಾರೆ. ನಾನು ಹೋಳಿಗೆ ಬಡಿಸುತ್ತಾ ನಗುತ್ತೇನೆ.

ಆದರೆ ಆ ಕೋಣೆಯಲ್ಲಿ ಆಗಲೇ ಒಬ್ಬಳಿದ್ದಳು.

ಅವಳು ಯಾನೆತ್, ಪನಾಮಾ ದೇಶದವಳು. ನಮ್ಮವರು ಕೆಲಸ ಮಾಡುತ್ತಿದ್ದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ. ಅವಳಿದ್ದ ಮನೆಯನ್ನು ಓನರ್ ಮಾರಿಬಿಟ್ಟ. ಬೇರೆ ಮನೆಗೆ ಅರ್ಜಿ ಹಾಕಿದಲ್ಲೆಲ್ಲ ಇಲ್ಲ ಎಂದರು. "ಒಂದೆರಡ್ ವಾರ ಇರ್ಲಿ ಬಿಡೇ, ಪಾಪ" ಎಂದು ನಮ್ಮವರೇ ಕರೆದುಕೊಂಡು ಬಂದರು. ಪನಾಮಾ ಎಂದರೆ ನನಗೆ ಗೊತ್ತಿದ್ದದ್ದು ಒಂದು ಕಾಲುವೆ, ಒಂದು ಟೋಪಿ. ಟೋಪಿಯ ಮಾತೆತ್ತಿದ್ದಕ್ಕೆ, "ಅದು ನಮ್ಮದಲ್ಲ, ಬೇರೆ ದೇಶದ್ದು. ನಮ್ಮ ಹೆಸರು ಅಂಟಿಕೊಂಡಿದೆ ಅಷ್ಟೇ" ಎಂದು ಮುಖ ಊದಿಸಿಕೊಂಡಳು. ಅಂದೇ ಇವಳ ಮಾತು ಒರಟು ಎಂದುಕೊಂಡೆ.

ಮೊದಲ ವಾರದ ಕೊನೆಗೆ ಯಾನೆತ್ ಬಾಡಿಗೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ನಾನು ಉಪ್ಪಿಟ್ಟು ಕೆದಕುತ್ತಾ, "ಅಯ್ಯೋ, ಇರಲಿ ಬಿಡು, ಬೇಡ ಬೇಡ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ದಾವಣಗೆರೆಯಲ್ಲಿ ಇದು ಮಾತಿನ ಆರಂಭ. ಅವರು "ಛೇ, ಹಾಗಂದ್ರೆ ಹೆಂಗೆ, ತಗೊಳ್ಳಿ" ಎನ್ನಬೇಕು, ನಾವು ಕೈ ಹಿಂದೆ ಎಳೆದುಕೊಳ್ಳಬೇಕು, ಅವರು ಟೇಬಲ್ಲಿನ ಮೇಲೆ ಇಟ್ಟು ಹೋಗಬೇಕು. ಯಾನೆತ್ ನನ್ನ ಮುಖವನ್ನೇ ನೋಡಿದಳು. "ಖಂಡಿತಾ?" ಎಂದಳು. ನಾನು ತಲೆಯಾಡಿಸಿದೆ. "ಗ್ರಾಸಿಯಾಸ್, ವೆಸಿನಾ" ಎಂದು ಹಣವನ್ನು ಜೇಬಿಗೆ ಹಾಕಿ, ತಟ್ಟೆ ಮುಂದಿಟ್ಟುಕೊಂಡು ಕೂತಳು. ವೆಸಿನಾ ಎಂದರೆ ನೆರೆಯವಳು ಎಂದರ್ಥವಂತೆ. ಉಪ್ಪಿಟ್ಟನ್ನು ಎರಡನೇ ಸಲವೂ ಹಾಕಿಸಿಕೊಂಡಳು.

ನಮ್ಮವರ ಹತ್ತಿರ ಹೇಳಿಕೊಂಡರೆ, "ನೀನೇ ಬೇಡ ಅಂದ್ಯಲ್ಲ" ಅಂದರು.

"ಬೇಡ ಅಂದ್ರೆ ಬೇಡ ಅಂತಾನಾ ಅರ್ಥ?"

"ಅದು ಅವ್ಳಿಗೆ ಹೆಂಗೆ ಗೊತ್ತಾಗ್ಬೇಕು? ಪನಾಮಾದಾಗ ಹೇಳ್ಕೊಡ್ತಾರೇನು?"

ಎರಡನೇ ವಾರ ಅವಳು ಹಣ ತೋರಿಸಲೂ ಇಲ್ಲ. ಕೇಳದೆಯೇ ಹಿತ್ತಲಿನ ಬೇಲಿಯ ಮುರಿದ ಹಲಗೆಗೆ ಮೊಳೆ ಹೊಡೆದಳು, ಒಂದು ದೊಡ್ಡ ಅಕ್ಕಿ ಮೂಟೆ ತಂದು ಹಾಕಿದಳು. ನನಗೆ ಅದೂ ಅನುಮಾನವೇ: ಮನೆಗೆ ಮೊಳೆ ಹೊಡೆಯುವವಳು ಮನೆ ಬಿಡುವವಳಲ್ಲ. ಸಿಂಚುಗೆ ಫೋನ್ ಮಾಡಿದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದಳು. "ಅಮ್ಮಾ, ಜಸ್ಟ್ ಆಸ್ಕ್ ಹರ್. ಯೂಸ್ ಯುವರ್ ವರ್ಡ್ಸ್." ಚಿಕ್ಕವಳಿದ್ದಾಗ ಇವಳಿಗೆ ಇಲ್ಲಿನ ಶಾಲೆಯಲ್ಲಿ ಕಲಿಸಿದ ಪಾಠವನ್ನು ಈಗ ನನಗೆ ಒಪ್ಪಿಸುತ್ತಾಳೆ.

ಆಗಲೇ ಮೆಹ್ನಾಜಳ ಫೋನು ಬಂದದ್ದು. ಮೆಲ್ಬರ್ನಿನಲ್ಲಿ ಪರಿಚಯದವರ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಸಿಗುವಂತಿದೆ, ಗಂಡ ಸದ್ಯಕ್ಕೆ ಸಿಡ್ನಿಯಲ್ಲೇ ಇರುತ್ತಾನೆ, ಒಂದು ಕೋಣೆ ಬೇಕು. ನಾನು ಒಪ್ಪಿಕೊಂಡುಬಿಟ್ಟೆ. ಮೆಹ್ನಾಜ್ ನಮ್ಮಂಥವಳು ಎಂಬ ನಂಬಿಕೆ ನನಗೆ. ಪ್ಯಾರಮಟ್ಟಾದಲ್ಲಿ ಒಂದು ಬಟ್ಟಲು ಪಾಯಸ ಕೊಟ್ಟರೆ ಬಟ್ಟಲು ಖಾಲಿ ಬರುತ್ತಿರಲಿಲ್ಲ. ಕೇಸರಿ ಹಾಕಿದ ಅನ್ನವೋ, ನಾಲ್ಕು ಖರ್ಜೂರವೋ ಇರುತ್ತಿತ್ತು. ಅವರ ಈ ಉಪಚಾರಕ್ಕೆ ತಾರೋಫ್ ಎನ್ನುತ್ತಾರೆ. ಅವರ ಅಂಗಡಿಯವನು ಕೂಡ ದುಡ್ಡು ಕೊಡಹೋದರೆ, "ನಿಮ್ಮ ಮುಂದೆ ಇದೇನು ಮಹಾ" ಎನ್ನುತ್ತಾನೆ. ನಾವು ಒತ್ತಾಯ ಮಾಡಿದ ಮೇಲೆಯೇ ತೆಗೆದುಕೊಳ್ಳುವುದು. ಮೊದಲ ಸಲ ಇದನ್ನು ಕೇಳಿದಾಗ ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಂತಾಗಿತ್ತು.

ಆದರೂ ಪೂರ್ತಿ ನಂಬಿರಲಿಲ್ಲ. ಗಂಡ ಅಲ್ಲಿ ಎಂಜಿನಿಯರ್, ಇಲ್ಲಿ ಬಚ್ಚಲಿಗೆ ಟೈಲ್ಸ್ ಕೂರಿಸುತ್ತಿದ್ದ. ಮನೆಯಲ್ಲಿ ಮಾತ್ರ ಗಾಜಿನ ತಟ್ಟೆಗಳಲ್ಲಿ ಗುಡ್ಡೆ ಹಣ್ಣು, ಗೋಡೆಗೆ ಕಂಬಳಿ, ಕೈಗೆ ಬಳೆ. ಟೆಹರಾನಿನಲ್ಲಿ ಎರಡು ಫ್ಲ್ಯಾಟಿದ್ದವೆಂದು ಹೇಳುತ್ತಿದ್ದಳು. ಇದೆಲ್ಲ ಎಲ್ಲಿಂದ ಬರುತ್ತದೆ ಎಂದು ನಾನು ಕೆಳಗಿನ ಮಹಡಿಯಲ್ಲಿ ಕೂತು ಯೋಚಿಸುತ್ತಿದ್ದೆ. ಯಾನೆತ್‌ಳದ್ದು ಇದಕ್ಕೆ ತಿರುಗಾಮುರುಗಾ. ಎರಡು ಜೊತೆ ಬಟ್ಟೆ, ಒಂದು ಜೋಡಿ ಬೂಟು, ಬೀನ್ಸ್ ಕಾಳು ಅನ್ನ. ಮೊನ್ನೆ ಸೋಫಾದ ಮೇಲೆ ಕೂತು ಫೋನಿನಲ್ಲೇ ತಾಯಿಗೆ ಹಣ ಕಳಿಸಿದಳು, ಅದು ತಲುಪಿದ್ದು ಆಕಳಿಸಿದಷ್ಟು ಸಲೀಸಾಗಿ. ಅವಳ ದೇಶದಲ್ಲಿ ಚಲಾವಣೆಯಾಗುವ ನೋಟೇ ಅಮೆರಿಕದ ಡಾಲರಂತೆ. ಬಡವಿಯಂತೆ ಕಾಣುವ ಈಕೆ ಹಣ ಮುಚ್ಚಿಟ್ಟುಕೊಂಡಿದ್ದಾಳೆ ಎಂದು ನಾನು ತೀರ್ಮಾನಿಸಿದ್ದೆ. ಈಕೆ ಹೊರಡಲಿ, ಮೆಹ್ನಾಜ್ ಬರಲಿ, ಬಾಡಿಗೆ ಸರಿಯಾಗಿ ಬರಲಿ. ಇದು ನನ್ನ ಲೆಕ್ಕಾಚಾರ.

ಹಾಗಾಗಿ ಇವತ್ತು ಮಧ್ಯಾಹ್ನ ಮೆಹ್ನಾಜ್ ಬಲಿಯಾಗುವ ಮಾತಾಡಿದಾಗ ಗಾಬರಿಯಾದರೂ ಒಳಗೊಳಗೇ ಖುಷಿಯೂ ಆಯಿತು. ಅವರ ಭಾಷೆಯಲ್ಲಿ ಅದು ನಮ್ಮ "ನಿಮ್ಮ ಪುಣ್ಯ" ಎಂಬಷ್ಟು ಸಾಧಾರಣ ಮಾತು, ನೆನಪಾಯಿತು. ನಾನೂ ಬಿಡಲಿಲ್ಲ.

"ಬಾಡಿಗೆ ಇರಲಿ, ನೀನು ಬಂದಿದ್ದೇ ಸಾಕು" ಎಂದೆ.

"ಇಲ್ಲ ಇಲ್ಲ, ನೀನು ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ" ಎಂದಳು.

"ಹೆಚ್ಚು ತಗೊಂಡರೆ ನಾನು ನಿನ್ನ ಅಕ್ಕನೇ ಅಲ್ಲ" ಎಂದೆ.

"ಕೊಡದಿದ್ದರೆ ನಾನು ಈ ಮನೆಯಲ್ಲಿ ನೀರೂ ಕುಡಿಯುವುದಿಲ್ಲ" ಎಂದಳು.

ಹೀಗೆ ಇಬ್ಬರೂ ಸಂತೋಷವಾಗಿ ಜಗಳವಾಡುತ್ತಿದ್ದಾಗ ಬೆಳಗಿನ ಶಿಫ್ಟ್ ಮುಗಿಸಿ ಯಾನೆತ್ ಒಳಗೆ ಬಂದಳು. ಕಿತ್ತಳೆ ಜಾಕೆಟ್ಟು, ಧೂಳು ಮೆತ್ತಿದ ಬೂಟು. ಸೂಟ್‌ಕೇಸನ್ನು ನೋಡಿದಳು, ಮೆಹ್ನಾಜಳನ್ನು ನೋಡಿದಳು, ನನ್ನನ್ನು ನೋಡಿದಳು.

"ಓ. ನನ್ನ ಕೋಣೆಗೆ?" ಎಂದಳು.

ನಾನು ಟೀ ಸೋಸತೊಡಗಿದೆ. ಯಾನೆತ್ ಕುರ್ಚಿ ಎಳೆದು ಮೆಹ್ನಾಜಳ ಎದುರು ಕೂತಳು.

"ಕೆಲಸ ಇದೆಯಾ ನಿಮಗೆ?"

"ಸಿಗುತ್ತದೆ, ದೇವರು ದೊಡ್ಡವನು" ಎಂದಳು ಮೆಹ್ನಾಜ್.

"ಸಿಗುತ್ತದೆ ಅಂದರೆ ಇಲ್ಲ. ಹಾಗಾದರೆ ಬಾಡಿಗೆ ಯಾವುದರಿಂದ ಕೊಡುತ್ತೀರಿ?"

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಮನೆಗೆ ಬಂದವರನ್ನು ಹೀಗೆ ಕೇಳುವುದುಂಟೇ? "ಯಾನೆತ್, ಸಾಕು" ಎಂದೆ. ಮೆಹ್ನಾಜ್ ಅವರ ಪದ್ಧತಿಯಂತೆ ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡವಳು ಟೀ ಕುಡಿಯಲಿಲ್ಲ. ಸಕ್ಕರೆ ಹಾಗೆಯೇ ಕರಗಿತು. ಆಮೇಲೆ ಮೆಲ್ಲಗೆ ಅಂದಳು:

"ಕೊಡಲಾಗುವುದಿಲ್ಲ."

ಗಂಡನಿಗೆ ಟೈಲ್ಸ್ ಕೆಲಸ ಕೊಟ್ಟವನು ಅವರ ಊರಿನವನೇ. ತಿಂಗಳುಗಟ್ಟಲೆ ಸಂಬಳ ಕೊಟ್ಟಿಲ್ಲ. ಕೇಳಿದರೆ ತಬ್ಬಿಕೊಂಡು, "ನೀನು ನನ್ನ ತಮ್ಮ, ನನ್ನ ಮನೆಯೇ ನಿನ್ನದು" ಎನ್ನುತ್ತಾನಂತೆ. ತಮ್ಮ ಎಂದವನ ಮೇಲೆ ದೂರು ಕೊಟ್ಟರೆ ಅಲ್ಲಿನ ಬೇಕರಿಯಲ್ಲಿ, ಮದುವೆಯಲ್ಲಿ ಮುಖ ತೋರಿಸುವುದು ಹೇಗೆ? ಬಳೆ ಮಾರಿಯಾಗಿದೆ. ಮುಂಗೈ ನೋಡಿದೆ, ಖಾಲಿ. ಬೆಳಗಿನಿಂದ ಅನುಮಾನದ ಕಣ್ಣಿನಿಂದಲೇ ನೋಡಿದ್ದ ನಾನು ಅದನ್ನು ಗಮನಿಸಿರಲಿಲ್ಲ. ಟೆಹರಾನಿನ ಒಂದು ಫ್ಲ್ಯಾಟನ್ನು ಮಾರಿದರಂತೆ. ಬ್ಯಾಂಕಿನಿಂದ ನೇರ ತರುವಂತಿಲ್ಲ, ಅವರ ದೇಶದ ಮೇಲೆ ಅಷ್ಟು ನಿರ್ಬಂಧ. ಅವರ ಕೈ ಇವರ ಕೈ ದಾಟಿ ಬರುವಷ್ಟರಲ್ಲಿ ಅಲ್ಲಿನ ರಿಯಾಲಿನ ಬೆಲೆ ಕುಸಿದು, ಮನೆ ಮಾರಿದ ಹಣ ಒಂದು ಹಳೆಯ ಕಾರಿನಷ್ಟಾಯಿತು.

"ಹಾಗಾದರೆ ಹೆಚ್ಚೇ ಕೊಡುತ್ತೇನೆ ಅಂದೆಯಲ್ಲ?" ಎಂದೆ ನಾನು.

"ನೀನು ಬಾಡಿಗೆ ಬೇಡ ಅಂದೆಯಲ್ಲ? ಬೇಡವಾಗಿತ್ತಾ ನಿನಗೆ?"

"ಬೇಕಿತ್ತು" ಎಂದೆ. "ನಮ್ಮವರಿಗೆ ಕೆಲಸ ಇಲ್ಲ."

ಈ ದೇಶದಲ್ಲಿ ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಯಾನೆತ್ ಜಾಕೆಟ್ಟಿನ ಜಿಪ್ಪನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತಾ ನನ್ನನ್ನು ದುರುಗುಟ್ಟಿ ನೋಡಿದಳು.

"ವೆಸಿನಾ, ಮತ್ತೆ ನನಗೆ ಬೇಡ ಅಂದಿದ್ದು? ಸ್ವಂತ ಮನೆ ಇದೆ, ಶ್ರೀಮಂತರು, ಅದಕ್ಕೇ ಬೇಡ ಅಂತಾರೆ ಅಂದುಕೊಂಡೆ. ಸುಮ್ಮನೆ ತಿನ್ನಬಾರದು ಅಂತ ಬೇಲಿ ರಿಪೇರಿ ಮಾಡಿದೆ!"

ಇರಾನಿನವಳನ್ನು ನಾನು ಶ್ರೀಮಂತಳು ಎಂದುಕೊಂಡಿದ್ದೆ, ಪನಾಮಾದವಳು ನನ್ನನ್ನು ಶ್ರೀಮಂತಳು ಎಂದುಕೊಂಡಿದ್ದಳು. ಅಷ್ಟರಲ್ಲಿ ಒಳಗೆ ಬಂದ ನಮ್ಮವರು ಬಾಗಿಲಲ್ಲೇ ನಿಂತು ಕನ್ನಡದಲ್ಲಿ, "ಏನು, ಯಾರೋ ಸತ್ತೋರಂಗೆ ಕೂತೀರಿ?" ಎಂದರು.

ಯಾನೆತ್ ಎದ್ದು ಹೋಗಿ ಎರಡು ವಾರದ ಬಾಡಿಗೆ ತಂದು ಟೇಬಲ್ಲಿನ ಮೇಲಿಟ್ಟಳು. ನನ್ನ ಬಾಯಿಂದ "ಅಯ್ಯೋ" ಎಂದು ಹೊರಟದ್ದನ್ನು ಅಲ್ಲೇ ನುಂಗಿದೆ. "ಈಗ ತಗೊಂಡೆ" ಎಂದೆ. ಆಮೇಲೆ ಅವಳು ಹೇಳಿದ ಮಾತು ನನಗೆ ಇನ್ನೂ ಪೂರ್ತಿ ಅರಗಿಲ್ಲ.

"ಕೋಣೆಯಲ್ಲಿ ಎರಡು ಮಂಚ ಹಿಡಿಯುತ್ತದೆ. ಈಕೆಗೆ ಸಂಬಳ ಬರುವವರೆಗೆ ಪೂರ್ತಿ ಬಾಡಿಗೆ ನಾನು ಕೊಡುತ್ತೇನೆ."

"ನಿನಗೇನು ಲಾಭ?" ಎಂದು ಕೇಳಿಯೇಬಿಟ್ಟೆ. ಎರಡು ವಾರದಲ್ಲಿ ಅವಳಿಂದ ಕಲಿತದ್ದು.

"ಈ ಊರಲ್ಲಿ ನಮ್ಮ ದೇಶದವರದು ಅಂತ ಒಂದು ಬೇಕರಿ ಇಲ್ಲ, ಒಬ್ಬ ಡಾಕ್ಟರ್ ಇಲ್ಲ. ಪಕ್ಕದ ದೇಶ ಕೊಲಂಬಿಯಾದವರ ಪಾರ್ಟಿಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತೇನೆ. ಮನೆ ಬೇಕಾದಾಗ ನನ್ನ ಪರವಾಗಿ ಒಂದು ಮಾತು ಹೇಳುವವರಿರಲಿಲ್ಲ. ನನ್ನ ಹತ್ತಿರ ದುಡ್ಡಿದೆ, ಜನ ಇಲ್ಲ. ಇವರಿಗೆ ಎಲ್ಲಿ ಹೋದರೂ ಜನ ಇದ್ದಾರೆ."

"ನನ್ನ ಜನವೇ ತಾನೇ ನನ್ನ ಗಂಡನ ಸಂಬಳ ನುಂಗಿದ್ದು" ಎಂದಳು ಮೆಹ್ನಾಜ್.

"ನುಂಗುವುದಕ್ಕಾದರೂ ಇದ್ದಾರಲ್ಲ!"

ಮೆಹ್ನಾಜ್ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಬಾಡಿಗೆಯ ಮಾತಿಗೆ "ಇಲ್ಲ ಇಲ್ಲ, ಹೇಗಾಗುತ್ತೆ" ಎಂದು ಶುರು ಮಾಡಿದಾಗ ಯಾನೆತ್ ಬೆರಳೆತ್ತಿ, "ಒಂದೇ ಸಲ ಕೇಳುತ್ತೇನೆ. ಹೌದೋ, ಅಲ್ಲವೋ?" ಎಂದಳು. ಮೆಹ್ನಾಜ್ ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ನೋಡಿದೆ. "ಹೌದು" ಎಂದಳು.

ಓದುವವರು ಇದರಿಂದ ಇರಾನಿನವರೆಲ್ಲ ಹೀಗೆ, ಪನಾಮಾದವರೆಲ್ಲ ಹಾಗೆ ಎಂದು ಬರೆದಿಟ್ಟುಕೊಳ್ಳಬೇಡಿ. ಸಿಡ್ನಿಯಲ್ಲಿ ಮೂರು ಅಂಗಡಿ ಇಟ್ಟು ಸುಖವಾಗಿರುವ ಇರಾನಿನವರನ್ನೂ ನೋಡಿದ್ದೇನೆ. ಪನಾಮಾದವಳನ್ನಂತೂ ಈ ಒಬ್ಬಳನ್ನೇ ನೋಡಿದ್ದು. ದಾವಣಗೆರೆಯಲ್ಲಿ ನಮ್ಮಮ್ಮ ಹಿಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವಾಗ, ಬಂದವರಿಗೆ ನೀರು ಕೊಟ್ಟು, "ನೀವು ಯಾವ ಪೈಕಿ? ಮನೇಲಿ ಏನು ಅಡುಗೆ ಮಾಡ್ತೀರಿ?" ಎಂದು ನಯವಾಗಿ ಕೇಳುತ್ತಿದ್ದಳು. ಪ್ಯಾರಮಟ್ಟಾದಲ್ಲಿ ನಾವು ಮನೆ ಹುಡುಕುವಾಗ ಏಜೆಂಟ್ ಹೆಣ್ಣುಮಗಳು ಅಷ್ಟೇ ನಯವಾಗಿ, "ಅಡುಗೆ ತುಂಬಾ ಮಾಡುತ್ತೀರಾ?" ಎಂದು ಕೇಳಿದಳು. ಅಲ್ಲಿ ನಾನು ಕೇಳುವವರ ಕಡೆಯವಳು, ಇಲ್ಲಿ ಹೇಳಬೇಕಾದವಳು. ಈ ಮನೆ ಕೊಂಡ ಮೇಲೆ ಮತ್ತೆ ಕೇಳುವವಳಾಗಿದ್ದೇನೆ, ಬ್ಯಾಂಕಿನವರು ನನ್ನನ್ನು ಏನೂ ಕೇಳದಿರುವವರೆಗೆ. ಈ ಅಡುಗೆಮನೆಯಲ್ಲಿ ಯಾರು ಅತಿಥಿ, ಯಾರು ಮನೆಯವರು ಎಂದು ಇವತ್ತು ಕೇಳಿದ್ದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಸಂಜೆ ಅಡುಗೆ ಮೆಹ್ನಾಜಳದು. ಅನ್ನದ ತಳವನ್ನು ಎಣ್ಣೆಯಲ್ಲಿ ಬೇಕೆಂದೇ ಹೊಂಬಣ್ಣಕ್ಕೆ ಹತ್ತಿಸಿ, ಪಾತ್ರೆ ಬೋರಲು ಹಾಕಿದಳು. ಅದಕ್ಕೆ ತಹ್‌ದೀಗ್ ಎನ್ನುತ್ತಾರೆ, ಮೊದಲ ತುಂಡು ಅತಿಥಿಗೆ. ಯಾನೆತ್ ಕುರ್ಚಿಯಿಂದ ಎದ್ದೇಬಿಟ್ಟಳು: "ಕೊಂಕೊಲೋನ್! ನಮ್ಮ ಮನೆಯಲ್ಲಿ ಇದಕ್ಕೆ ಹೊಡೆದಾಡುತ್ತೇವೆ!" ನಮ್ಮಲ್ಲಿ ತಳ ಹತ್ತಿದ ಅನ್ನವನ್ನು ಯಾರಿಗೂ ಕಾಣದಂತೆ ಕೆರೆದು, ಮಜ್ಜಿಗೆ ಹಾಕಿಕೊಂಡು ತಿನ್ನುವುದು ಮನೆಯ ಹೆಂಗಸು. ಇಷ್ಟು ವರ್ಷ ನಾನು ಅಡಗಿಸಿಟ್ಟದ್ದನ್ನು ಇವರಿಬ್ಬರೂ ತಟ್ಟೆಯ ಮಧ್ಯಕ್ಕೆ ಇಟ್ಟರು. ಮೊದಲ ತುಂಡನ್ನು ಮೆಹ್ನಾಜ್ ನನಗೆ ಹಾಕಬಂದಳು. "ಬೇಡ" ಎನ್ನಹೋಗಿ ಯಾನೆತ್ ಕಡೆ ನೋಡಿ, ತಟ್ಟೆ ಮುಂದೆ ಒಡ್ಡಿದೆ.

ಊಟ ಅಷ್ಟೇ: ಆ ಅನ್ನ, ನನ್ನ ಹುಳಿ, ಯಾನೆತ್‌ಳ ಬೀನ್ಸ್ ಕಾಳು, ಕೊನೆಗೆ ಪಿಸ್ತಾ. ಬೀರುವಿನ ಕೀಲಿಯನ್ನು ದಿಂಬಿನ ಕೆಳಗೇ ಇಟ್ಟುಕೊಂಡಿದ್ದೇನೆ. ಒಂದೇ ದಿನಕ್ಕೆ ಅಭ್ಯಾಸ ಹೋಗುವುದಿಲ್ಲ. ಹಿಂದಿನ ಕೋಣೆಯಲ್ಲಿ, ಒಂದೇ ಮಂಚವನ್ನು ಯಾರು ಬಿಟ್ಟುಕೊಡಬೇಕೆಂದು ಸ್ವಲ್ಪ ಹೊತ್ತು ಮಾತು ಕೇಳಿಸಿತು. ಮೆಹ್ನಾಜ್ "ನೀನು, ನೀನು" ಎನ್ನುತ್ತಿದ್ದಳು. ಯಾನೆತ್ ಸರಿ ಎಂದು ಮಂಚ ಹತ್ತಿರಬೇಕು, ಮೊದಲು ನಿದ್ದೆ ಹೋದದ್ದು ಅವಳೇ.