ಮನೆ ನೋಡಲು ಬಂದವನು

೧೯೬೬ರ ಸಂಕ್ರಾಂತಿ ರಜೆ. ಧಾರವಾಡದಲ್ಲಿ ಬಿ.ಎಸ್ಸಿ. ಕೃಷಿ ಓದುತ್ತಿದ್ದ ನಾನು ವಿಜಾಪುರದ ಇಬ್ರಾಹಿಂಪುರದಲ್ಲಿದ್ದ ನಮ್ಮ ಮನೆಗೆ ಬಂದಿದ್ದೆ. ಕೃಷಿ ಅರ್ಥಶಾಸ್ತ್ರದ ಮಾಸ್ತರರು, ರಜೆಯಲ್ಲಿ ರೈತರೊಬ್ಬರ ಮನೆಗೆ ಹೋಗಿ ಹೊಲ, ಎತ್ತು, ನೀರು, ದುಡಿಯುವ ಮಂದಿ ಎಲ್ಲ ವಿಚಾರಿಸಿಕೊಂಡು ಬನ್ನಿ ಎಂದಿದ್ದರು.

ಅಪ್ಪನ ಸೈಕಲ್ ಹತ್ತಿ ತಿಕೋಟಾ ದಾರಿ ಹಿಡಿದೆ. ನಾನು ಮೊದಲೇ ಹಗಲುಗನಸಿನವನು. ಎರಡೂ ಕಡೆ ತೆನೆ ಹೊತ್ತ ಬಿಳಿಜೋಳ, ನಡುನಡುವೆ ಕುಸುಬೆ ಹೂವು, ಅದರ ಮೇಲೆ ತೆಳ್ಳಗೆ ಮಂಜು. ಯಾವಾಗ ಅಡ್ಡದಾರಿಗೆ ಇಳಿದೆನೋ ತಿಳಿಯಲೇ ಇಲ್ಲ. ಒಂದು ಹಳ್ಳಿಯ ಮೊದಲ ಮನೆಯ ಮುಂದೆ ಸೈಕಲ್ ನಿಲ್ಲಿಸಿದೆ.

ಬಾಗಿಲಲ್ಲಿದ್ದ ಹಿರಿಯ ಹೆಂಗಸು, "ಬರ್ರಿ, ಬರ್ರಿ! ನಿಮ್ಮ ದಾರಿನ ನೋಡಾಕತ್ತಿದ್ದೆ. ಹಿರ್ಯಾರು ಬರಲಿಲ್ಲೇನ್ರಿ?" ಎಂದಳು.

ಮಾಸ್ತರರು ಊರೂರಿಗೆ ಹೇಳಿ ಕಳಿಸಿರಬೇಕು, ಅವರನ್ನೇ ಕೇಳುತ್ತಿದ್ದಾಳೆಂದು, "ಇಲ್ರಿ, ನನ್ನ ಕಳಿಸ್ಯಾರ," ಎಂದೆ.

ಕಾಲಿಗೆ ನೀರು ಕೊಟ್ಟು ಕಂಬಳಿ ಹಾಸಿದಳು. ಒಳಗಿನಿಂದ ಹೋಳಿಗೆಯ ಘಮ ಬರುತ್ತಿತ್ತು. ಮಗ ಮಲ್ಲಪ್ಪ, ಎತ್ತರದ ಆಳು, ಗೋಡೆಗೊರಗಿ ತಲೆ ತಗ್ಗಿಸಿ ನಿಂತಿದ್ದ. ಎಂಥ ಒಳ್ಳೆಯ ಮಂದಿ ಎಂದುಕೊಂಡೆ.

"ಹೊಲ ಎಷ್ಟೈತ್ರಿ?"

"ಉಣ್ಣಾಕ ಕಡಿಮಿ ಇಲ್ರಿ, ಅಂಜಬ್ಯಾಡ್ರಿ."

"ದುಡಿಯಾವ್ರು?"

"ನಾನು, ನನ್ನ ಮಗ. ಬಂದಾಕಿ ಮೊದಲನೇ ವರ್ಷ ಹೊಲಕ್ಕ ಬರೂದ ಬ್ಯಾಡ."

ಯಾರು ಬಂದಾಕಿ? ತಿಳಿಯಲಿಲ್ಲ. "ನೀರು ಹೆಂಗ್ರಿ?" ಎಂದೆ.

ಮಗ ತಟ್ಟನೆ ಹೊರಗೆ ಹೋದ. ಆಕೆ ನನ್ನ ಎದುರಿಗೆ ಬಂದು ಕುಳಿತಳು.

"ಸುಳ್ಳ ಯಾಕ ಹೇಳ್ಲಿರಿ. ಬಾವಿ ಬಾಳ ದೂರ ಐತಿ. ಹಿಂದ ಬಂದಾವ್ರು ಇದನ್ನ ಕೇಳೇ ಎದ್ದು ಹೋದ್ರು. ಆದ್ರ ನಾ ಗಟ್ಟಿ ಇರೂತನಕ ಸೊಸಿ ತಲಿ ಮ್ಯಾಲ ಕೊಡ ಇಡಂಗಿಲ್ಲ. ನಾನ ತರ್ತೇನಿ. ಹುಡುಗಿ ಹೆಸರೇನ್ರಿ?"

ಆಗ ಹೊಳೆಯಿತು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹೆಣ್ಣಿನವರು ಗಂಡಿನ ಮನೆ ನೋಡಲು ಬರುತ್ತಾರೆ. ಹೊಲವೆಷ್ಟು, ದುಡಿಯುವವರೆಷ್ಟು, ನೀರು ಹೇಗೆ ಎಂದು ಕೇಳುತ್ತಾರೆ. ನಾನು ಕೇಳಿದ್ದೂ ಅದನ್ನೇ! ಅಂದು ಬಬಲೇಶ್ವರದ ಕಡೆಯಿಂದ ಅಂಥವರು ಬರುವುದಿತ್ತಂತೆ.

ಬೆವರುತ್ತ ನಿಜ ಹೇಳಿದೆ. ಆಕೆಯ ಮುಖ ಸಣ್ಣದಾಯಿತು. ದಾರಿಯ ಕಡೆ ನೋಡಿ, "ಇಷ್ಟ ಹೊತ್ತಾತು, ಹಂಗಾರ ಅವ್ರು ಬರಂಗಿಲ್ಲ ಬಿಡು," ಎಂದಳು. ನಾನು ಏಳಹೋದರೆ ಭುಜ ಹಿಡಿದು ಕೂರಿಸಿದಳು. "ಉಂಡ ಹೋಗೋ ತಮ್ಮಾ. ನಿನ್ನ ತಪ್ಪೇನೈತಿ?"

ಹೋಳಿಗೆಯ ಮೇಲೆ ತುಪ್ಪ ಸುರಿದಳು. ಎಲ್ಲ ಕನಸಿನಲ್ಲಿ ನಡೆಯುತ್ತಿದ್ದಂತಿತ್ತು, ನನ್ನ ಬಾಯಿಂದ ಬಂದ ಮಾತೂ ಯಾರೋ ಆಡಿದಂತೆ ಕೇಳಿಸಿತು: "ಯವ್ವಾ, ನಮ್ಮ ಮನ್ಯಾಗ ಲಗ್ನಕ್ಕ ಬಂದ ಅಕ್ಕ ಅದಾಳ. ಕಸ್ತೂರಿ ಅಂತ."

ಮನೆಯಲ್ಲಿ ಹೇಳಿದಾಗ ಅಪ್ಪ ಕೆಂಡವಾದ. "ಓದಾಕ ಕಳಿಸಿದ್ರ ಬೀಗತನ ಮಾಡಿ ಬಂದಾನ! ನೀರಿಲ್ಲದ ಊರಿಗೆ ಹೆಣ್ಣ ಕೊಡತಾರೇನಲೇ?"

ಅಕ್ಕ ಒಲೆಯ ಮುಂದಿಂದ ಎದ್ದು ಬಂದು ನನ್ನನ್ನಷ್ಟೇ ಕೇಳಿದಳು, "ಸೊಸಿ ತಲಿ ಮ್ಯಾಲ ಕೊಡ ಇಡಂಗಿಲ್ಲಂತ... ಆಕಿ ಖರೇನ ಹಂಗಂದಳೇನೋ?"

"ಹೂಂ."

"ಅಪ್ಪಾ, ಒಮ್ಮೆ ಹೋಗಿ ನೋಡಿ ಬಾ."

ಅಪ್ಪ ಗೊಣಗುತ್ತಲೇ ಹೋದ. ವಿಚಾರಿಸಿದರೆ ನಮ್ಮ ಪೈಕಿಯವರೇ. ಆ ಬೇಸಿಗೆಯಲ್ಲೇ ಅಕ್ಷತೆ ಬಿತ್ತು.

ಲಗ್ನವಾದ ಮೇಲೆ ಅಕ್ಕನನ್ನು ನೋಡಲು ಹೋದೆ, ಒಳಗೊಳಗೇ ಹೆದರಿಕೊಂಡು. ನನ್ನ ಒಂದು ಮಾತಿಗೆ ಅವಳ ಬಾಳೇ ಹೋಗಿ ಅಲ್ಲಿ ಕುಳಿತಿತ್ತಲ್ಲ. ಊರ ಹೊರಗೆ ಬಾವಿಯ ದಾರಿಯಲ್ಲಿ ಇಬ್ಬರು ಬರುತ್ತಿದ್ದರು. ಮುಂದೆ ಅತ್ತೆ, ತಲೆಯ ಮೇಲೆ ತುಂಬಿದ ಕೊಡ. ಹಿಂದೆ ಬರಿಗೈಯಲ್ಲಿ ಅಕ್ಕ, "ಮಂದಿ ಏನಂದಾರು, ನನಗ ಕೊಡ್ರಿ ಅತ್ತಿ," ಎಂದು ಗೋಗರೆಯುತ್ತಿದ್ದಳು.

ಸೈಕಲ್ ಹಿಡಿದು ಅಲ್ಲೇ ನಿಂತು ಅತ್ತುಬಿಟ್ಟೆ. ಅಷ್ಟು ಹಗುರವಾಗಿ ನಾನು ಮತ್ತೆಂದೂ ಅತ್ತಿಲ್ಲ.