ಮಾವ ಹಾಸಿಗೆ ಹಿಡಿದಿಲ್ಲ ಎಂದು ಬರೆಸಲು ಹೋದದ್ದು

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಬ್ಯಾಡಗಿ ಬಿಟ್ಟೆವು. ನಾನು ಹಿಂದಿನ ಸಂಜೆಯೇ ನಮ್ಮೂರು ಅಗಡಿಯಿಂದ ಬಂದಿದ್ದೆ. ಜೊತೆಗೆ ಸೋದರಮಾವ ಫಕ್ಕೀರಪ್ಪ. ಚೀಲದಲ್ಲಿ ಸ್ಕ್ಯಾನಿಂಗ್ ಫಿಲ್ಮು, ರಕ್ತ ಪರೀಕ್ಷೆಯ ಚೀಟಿ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ. ಮಾವ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲ. ಅವನ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಒಂದೇ, ಚಿಕ್ಕದು.

ತಪ್ಪು ನನ್ನದು. ಹಿಂದಿನ ವಾರ ಹಾವೇರಿಯ ಆಸ್ಪತ್ರೆಯಲ್ಲಿ ಪಾಳಿ ಬಾಗಿಲಾಚೆಗೂ ಇತ್ತು. ಮಲಗಿ ಬಂದವರನ್ನು ಮೊದಲು ಒಳಗೆ ಬಿಡುತ್ತಿದ್ದರು. ಮಾವನನ್ನು ಸ್ಟ್ರೆಚರ್ ಮೇಲೆ ಹಾಕಿ, ಚಾದರ ಹೊದಿಸಿ, ನರಳು ಎಂದೆ. ಚೆನ್ನಾಗಿಯೇ ನರಳಿದ. ದಿನವಿಡೀ ಹೀಗೇ ಮಲಗುತ್ತಾರಾ ಎಂದು ಡಾಕ್ಟರು ಕೇಳಿದರು. ಹೂಂ ಅಂದೆ. ಅವರು ಒಂದು ಫಾರಂ ತುಂಬಿ ಕೊಟ್ಟರು. ಬ್ಯಾಡಗಿಗೆ ಬಂದ ಮೇಲೆ ಔಷಧ ಅಂಗಡಿಯವನು ಓದಿದ: ‘ಹಾಸಿಗಿ ಹಿಡದಾರ, ನೋವಿನ ಗುಳಿಗಿ ಅಷ್ಟ ಕೊಡ್ರಿ ಅಂತ ಐತಿ. ಗಡ್ಡಿಗೆ ಏನೂ ಮಾಡೂದಿಲ್ಲ.’

ಹಾವೇರಿ ಬಸ್ಸಿನಲ್ಲಿ ಪಕ್ಕದ ಮುದುಕ ಫಿಲ್ಮು ನೋಡಿ ಕೇಳಿದ, ‘ಲಿವರ್ರೇನು? ಭಾಳ ಕುಡೀತಿದ್ರೇನ್ರಿ?’

‘ಚಹಾ’ ಎಂದ ಮಾವ. ‘ಹಿಂದ ಕಣ್ಣು ಹಳದಿ ಆಗೂ ಕಾಮಣಿ ಆಗಿತ್ತು, ಅದು ಒಳಗ ಉಳಕೊಂಡಿತ್ತಂತ.’

ಹಾವೇರಿಯಲ್ಲಿ ಈ ಸಲ ಪಾಳಿಯಲ್ಲೇ ನಿಂತೆವು. ಎರಡು ತಾಸು. ಮಾವ ನಡೆದು ಒಳಗೆ ಬಂದದ್ದನ್ನು ನೋಡಿ ಡಾಕ್ಟರು ಪೆನ್ನು ಕೆಳಗಿಟ್ಟರು. ನಡೆದದ್ದನ್ನೆಲ್ಲ ಹೇಳಿದೆ.

‘ನೀ ಪಾಳಿ ಹಾರಿಸಿದಿ. ಅವರ ಟ್ರೀಟ್‌ಮೆಂಟೂ ಹಾರಿ ಹೋತಲ್ಲೋ’ ಎಂದರು. ಬೈಸಿಕೊಂಡೆ. ತಾವೊಬ್ಬರೇ ತಿದ್ದಲು ಬರುವುದಿಲ್ಲ, ಇಂತಹ ರೋಗಿಗಳನ್ನು ನೋಡುವ ಡಾಕ್ಟರುಗಳು ಇವತ್ತು ರಾಣೆಬೆನ್ನೂರಿನಲ್ಲಿ ಎರಡು ಗಂಟೆಯವರೆಗೆ ಕೂಡುತ್ತಾರೆ ಎಂದು ಚೀಟಿ ಬರೆದುಕೊಟ್ಟರು.

ರಾಣೆಬೆನ್ನೂರಿಗೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಬಸ್ಸು ತುಂಬಿತ್ತು, ಬಿಸಿಲು ಕಿಟಕಿಯಿಂದ ನೇರ ಮುಖಕ್ಕೆ. ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರು ಕ್ರಾಸ್ ಬಂದಾಗ ಮಾವ ಎದ್ದ.

‘ಇಳದ ಬಿಡೂಣೇನಲೇ ನಿಂಗ್ಯಾ?’

‘ಕುಂದ್ರು.’

ಒಂದೂಕಾಲಿಗೆ ತಲುಪಿದೆವು. ಒಳಗೆ ನಾಲ್ವರು ಡಾಕ್ಟರುಗಳು, ಮೇಜಿನ ಮೇಲೆ ಒಂದು ದಪ್ಪ ಪುಸ್ತಕ. ನಮ್ಮ ಚೀಟಿ ಓದಿ ಅದರ ಹಾಳೆ ತಿರುವಿದರು. ‘ಪುಸ್ತಕ ನೋಡಿ ಮನಶ್ಯಾನ ಹಣೇಬರಾ ಬರೀತೀರೇನ್ರಿ?’ ಎಂದುಬಿಟ್ಟೆ. ಹಿರಿಯ ಡಾಕ್ಟರಮ್ಮ ಸಿಟ್ಟಾಗಲಿಲ್ಲ.

‘ಮದಲ ಒಬ್ಬೊಬ್ಬ ಡಾಕ್ಟರದು ಒಂದೊಂದು ದಾರಿ ಇತ್ತಪ್ಪಾ. ಯಾ ರೋಗಿಗೆ ಯಾ ಟ್ರೀಟ್‌ಮೆಂಟ್ ಉಪಯೋಗ ಆತು, ಯಾರಿಗೆ ಬರೀ ತ್ರಾಸ ಆತು, ಎಲ್ಲಾ ಕೂಡಿಸಿ ನೋಡಿ ಇದನ್ನ ಬರದಾರ. ನಮ್ಮ ಜಿಲ್ಲಾದಾಗ ಏನ್ ಆಗತೈತಿ, ಯಾವುದಕ್ಕ ಹುಬ್ಬಳ್ಳಿಗೆ ಕಳಸಬೇಕು, ಅದನ್ನ ನಾವು ಕುಂತು ಸೇರಿಸೇವಿ. ಗಡ್ಡಿ ಎಷ್ಟೈತಿ, ಲಿವರ್ ಎಷ್ಟು ಕೆಲಸಾ ಮಾಡತೈತಿ, ಮನಶ್ಯಾ ಎಷ್ಟು ಓಡಾಡತಾನ, ಮೂರೂ ಖರೇ ಹೇಳಬೇಕು. ಒಂದು ಸುಳ್ಳಾದ್ರ ದಾರೀನ ತಪ್ಪತೈತಿ.’

ಮಾವನಿಗೆ ಮೆಟ್ಟಿಲು ಹತ್ತಲು ಹೇಳಿದರು. ಎರಡು ಮಹಡಿ ಹತ್ತಿ ಇಳಿದು ಬಂದ. ಮೀಸೆ ಒರೆಸಿಕೊಂಡು, ‘ಚೀಲ ಇದ್ರ ತರಸ್ರಿ, ಹೊತ್ತು ತೋರಸ್ತೇನಿ’ ಎಂದ.

‘ಮದಲ ಏಳಾಕ ಆಗೂದಿಲ್ಲ ಅಂತ ಸುಳ್ಳು, ಈಗ ಎಲ್ಲಾ ಆಗತೈತಿ ಅಂತ ಸುಳ್ಳು ಬ್ಯಾಡ ಯಜಮಾನ್ರ. ಮದಲಿನಷ್ಟು ಹೊರತೀರೇನು?’ ಎಂದು ಡಾಕ್ಟರಮ್ಮ ಕೇಳಿದರು.

ಮಾವ ನನ್ನ ಕಡೆ ನೋಡಲಿಲ್ಲ. ‘ಎರಡು ತಿಂಗಳಾತ್ರಿ, ಚೀಲಾ ಮುಟ್ಟಿಲ್ಲ. ತೂಕದ ಕಾಟಾದ ಬಾಜೂಕ ಕುಂತಿರತೇನಿ. ನನ್ನ ಜೋಡಿ ಕೆಲಸಾ ಮಾಡೂ ಹಮಾಲರು ನನ್ನ ಪಾಲಿಂದೂ ಹೊರತಾರ.’

ನನಗಿದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮ ಫಾರಂನ ಹಳೆಯ ಸಾಲು ಹೊಡೆದು ಬರೆದರು: ಓಡಾಡುತ್ತಾರೆ, ಭಾರದ ಕೆಲಸ ಆಗುವುದಿಲ್ಲ. ನಾಲ್ವರೂ ರಕ್ತದ ಚೀಟಿ, ಫಿಲ್ಮು ನೋಡಿ ಸಹಿ ಹಾಕಿದರು. ‘ಸೋಮವಾರ ಹುಬ್ಬಳ್ಳಿಗೆ ಹೋಗ್ರಿ. ಸೂಜಿ ಹಾಕಿ ಗಡ್ಡಿ ಸುಡಾಕ ಬರತೈತೇನು, ಅಲ್ಲೆ ನೋಡತಾರ. ಗುಣಾ ಆಗೇ ಆಗತೈತಿ ಅಂತ ನಾ ಹೇಳೂದಿಲ್ಲ. ದಾರಿ ಐತಿ.’ ನನಗೆ ಅಷ್ಟು ಸಾಕಿತ್ತು.

ರೊಟ್ಟಿ ಬಸ್ ನಿಲ್ದಾಣದಲ್ಲೇ ತಿಂದೆವು. ಬ್ಯಾಡಗಿಯ ಬಸ್ಸಿನಲ್ಲಿ ಮಾವ ಹೇಳಿದ.

‘ನಿಮ್ಮತ್ತಿ ಮುಂದ ಚೀಲದ ಮಾತು ತಗೀಬ್ಯಾಡ.’

‘ಹುಬ್ಬಳ್ಳ್ಯಾಗ ಆಕಿನ್ನೂ ಕೇಳತಾರ. ಮನ್ಯಾಗ ಹೆಂಗ ಇರತಾನ ಅಂತ. ಆಕಿ ಏನ್ ಹೇಳಬೇಕು?’

ಮಾವ ಫಿಲ್ಮಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ.

ಐದಕ್ಕೆ ಮನೆ ಮುಟ್ಟಿದೆವು. ಅತ್ತೆ ಬಾಗಿಲಲ್ಲೇ ಇದ್ದಳು. ‘ಏನಂದ್ರು?’ ಎಂದು ನನ್ನನ್ನು ಕೇಳಿದಳು. ನಾನು ಮಾವನ ಕಡೆ ನೋಡಿದೆ. ಮಾವ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕುಳಿತು, ‘ಇಲ್ಲೆ ಬಾ, ಕುಂದ್ರು. ಒಂದು ಮಾತು ಹೇಳೂದೈತಿ’ ಎಂದ.

ನಾನು ಊರಿನ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿ ತಿರುಗಿ ನೋಡಿದೆ. ಮಾವ ಇನ್ನೂ ಮಾತಾಡುತ್ತಿದ್ದ. ಅತ್ತೆ ಅವನ ಹೆಗಲ ಮೇಲೆ ಕೈ ಇಟ್ಟಿದ್ದಳು.